ಹಳೆಯ ಹೊಡೆದಾಟದ ನಾಯಕರ ಕುರಿತು ಅಪ್ಪಯ್ಯನಿಗೆ

ಪಿಟ್ಸ್‌ಬರ್ಗ್
ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪಯ್ಯನವರಿಗೆ ಮತ್ತು ಆಯಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮವನ್ನು ಬಯಸುತ್ತೇನೆ.

ಹೋದ ವಾರ ಫೋನಿನಲ್ಲಿ ಮಾತಾಡುತ್ತಿದ್ದಾಗ ಅಣ್ಣನ ಮಗ ನಡುವೆ ಬಾಯಿ ಹಾಕಿ, ಅಜ್ಜ ಊಟವಾದ ಮೇಲೆ ಹಳೆಯ ಶಂಕರ್‌ನಾಗ್ ಸಿನಿಮಾ ಹಾಕಿಕೊಂಡು ಕೂರುವುದನ್ನೂ ನಾನು ಇಲ್ಲಿ ಅಂಥವೇ ಇಂಗ್ಲಿಷ್ ಚಿತ್ರಗಳನ್ನು ನೋಡುವುದನ್ನೂ ಸೇರಿಸಿ, "ಚಿಕ್ಕಪ್ಪಾ, ಎಂತ ಇದ್ದು ಅದ್ರಲ್ಲಿ?" ಎಂದು ಕೇಳಿದ. ನಾನು ಏನೋ ಹೇಳಿದೆ. ನಿಮಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ, ಅವನಿಗೆ ಕೇಳುವಷ್ಟು ಹೊತ್ತಿರಲಿಲ್ಲ. ಆದರೆ ಪ್ರಶ್ನೆ ನನ್ನಲ್ಲೇ ಉಳಿಯಿತು. ಆದ್ದರಿಂದ ಈ ಪತ್ರವನ್ನು ಅವನ ಕೈಯಲ್ಲೇ ಗಟ್ಟಿಯಾಗಿ ಓದಿಸಿರಿ. ನಿಮಗೆ ಪತ್ರ ಮುಟ್ಟಿದಂತೆಯೂ ಆಗುತ್ತದೆ, ಅವನಿಗೆ ಉತ್ತರ ಸಿಕ್ಕಂತೆಯೂ ಆಗುತ್ತದೆ.

ನಾನಿರುವ ಊರಿನಿಂದ ಪೂರ್ವಕ್ಕೆ, ಕಾರಿನಲ್ಲಿ ಎರಡು ತಾಸಿಗೂ ಕಡಿಮೆ ದೂರದಲ್ಲಿ, ಜಾನ್ಸ್‌ಟೌನ್ ಪಟ್ಟಣದ ಹತ್ತಿರ ಎಹ್ರೆನ್‌ಫೆಲ್ಡ್ ಎಂಬ ಬಹಳ ಸಣ್ಣ ಊರಿದೆ. ಮೊನ್ನೆ ರಜೆಯ ದಿನ ಅಲ್ಲಿಗೆ ಹೋಗಿ ಬಂದೆ. ಗುಡ್ಡಗಳ ನಡುವಿನ ಕಣಿವೆ, ರೈಲುಹಳಿ, ಬೆರಳೆಣಿಕೆಯ ಬೀದಿಗಳು, ಇಷ್ಟೇ. ಗುಡ್ಡದ ಹಸಿರನ್ನು ನೋಡಿದಾಗ ಒಂದು ಗಳಿಗೆ ದೇವಿಮನೆ ಘಟ್ಟದ ನೆನಪಾಯಿತು. ಚಾರ್ಲ್ಸ್ ಬ್ರಾನ್ಸನ್ ಎಂಬ ನಟ ಹುಟ್ಟಿದ್ದು ಈ ಊರಿನಲ್ಲಿ, 1921ರಲ್ಲಿ. ಮನೆಯಲ್ಲಿ ಹದಿನೈದು ಮಕ್ಕಳು, ಆತ ಹನ್ನೊಂದನೆಯವನು. ಲಿಥುವೇನಿಯಾದಿಂದ ವಲಸೆ ಬಂದ ಕುಟುಂಬ. ತಂದೆ ಕಲ್ಲಿದ್ದಲು ಗಣಿಯ ಕೂಲಿ. ಮಗ ಇನ್ನೂ ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡರು. ಹದಿಹರೆಯದಲ್ಲಿ ಆತನೂ ಅದೇ ಗಣಿಗೆ ಇಳಿದು, ಒಂದು ಟನ್ ಕಲ್ಲಿದ್ದಲು ಅಗೆದರೆ ಒಂದು ಡಾಲರ್ ಎಂಬ ಲೆಕ್ಕದಲ್ಲಿ ದುಡಿದ. ಆಮೇಲೆ ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಗಾಯಗೊಂಡು ಪದಕ ಪಡೆದ. ಕ್ಯಾಮರಾದ ಮುಂದೆ ನಿಲ್ಲುವ ಹೊತ್ತಿಗೆ ಇದೆಲ್ಲ ಆತನ ಮುಖದಲ್ಲಿ ಆಗಲೇ ಬರೆದಿತ್ತು. ಗೆರೆಗಳೂ ಕಿರಿದಾದ ಕಣ್ಣುಗಳೂ ತುಂಬಿದ ಆ ಮುಖಕ್ಕೆ ಚಂದದ ನಾಯಕನ ಲಕ್ಷಣ ಯಾವುದೂ ಇರಲಿಲ್ಲ. ಆದರೂ ಐವತ್ತು ದಾಟಿದ ಮೇಲೆ ಆತ ಜಗತ್ತಿನ ಅತಿ ಬೇಡಿಕೆಯ ನಟರಲ್ಲಿ ಒಬ್ಬನಾದ.

ಆ ಬೀದಿಯಲ್ಲಿ ನಿಂತಾಗ ನನ್ನ ಕಣ್ಣಿಗೆ ಬಂದದ್ದು ನಮ್ಮ ಅಡಿಕೆ ತೋಟದಲ್ಲಿ ಮರ ಹತ್ತಿ ಕೊನೆ ಕೊಯ್ಯುತ್ತಿದ್ದ ಹಳೆಯ ಕೊನೆಗೌಡನ ಮುಖ. ನಿಮಗೆ ನೆನಪಿರಬಹುದು, ನಾನು ಆರನೆಯ ಇಯತ್ತೆಯಲ್ಲಿದ್ದ ವರ್ಷ, ಕೊನೆಕೊಯ್ಲಿನ ದಿನ, ನೀವು ಕೆಳಗೆ ನೇಣು, ಎಂದರೆ ಕೊನೆ ಇಳಿಸುವ ಹಗ್ಗ, ಹಿಡಿದು ನಿಂತಿದ್ದಿರಿ. ಆತ ಒಂದು ಮರದ ತಲೆಯಲ್ಲಿ ಕೂತು ಮೈಯನ್ನು ತೂಗಿ ಮರವನ್ನು ಬಾಗಿಸಿ ಪಕ್ಕದ ಮರವನ್ನು ಹಿಡಿಯಬೇಕು ಎನ್ನುವಷ್ಟರಲ್ಲಿ ಎಲ್ಲಿಂದಲೋ ಒಂದು ಗಾಳಿ ನುಗ್ಗಿ ಬಂತು. ನೀವು ಕೂಗಿದಿರಿ. ಆತ ಉತ್ತರ ಕೊಡಲಿಲ್ಲ. ಮರ ಅತ್ತಿಂದಿತ್ತ ಓಲಾಡುತ್ತಿದ್ದಷ್ಟು ಹೊತ್ತೂ ಕಾಂಡಕ್ಕೆ ಎದೆಯೊತ್ತಿ ಹಾಗೆಯೇ ಇದ್ದ. ಗಾಳಿ ನಿಂತ ಮೇಲೆ ದಾಟಬೇಕಾದ ಮರಕ್ಕೆ ದಾಟಿ, ಅಲ್ಲಿದ್ದ ಎರಡು ಕೊನೆಯನ್ನೂ ಕೊಯ್ದು, ನೇಣಿನ ಮೇಲೆ ಜಾರಿಬಿಟ್ಟು, ಆಮೇಲೆ ಇಳಿದು ಬಂದ. ತರಚಿದ ಮುಂಗೈಯಿಂದ ರಕ್ತ ಒಸರುತ್ತಿತ್ತು. ಕಾಲುವೆಯ ನೀರಿನಲ್ಲಿ ಕೈ ತೊಳೆದು, ನಿಮ್ಮ ಹತ್ತಿರ ಒಂದು ಎಲೆಯಡಿಕೆಯ ಕವಳ ಕೇಳಿ ಹಾಕಿಕೊಂಡು, ಮುಂದಿನ ಮರದ ಬುಡಕ್ಕೆ ನಡೆದ. ಮೇಲೆ ನಡೆದದ್ದರ ಬಗ್ಗೆ ಆತ ಒಂದು ಮಾತೂ ಆಡಲಿಲ್ಲ.

ಅಣ್ಣನ ಮಗನಿಗೆ ನಾನು ಹೇಳಬೇಕಾದದ್ದು ಇದೇ. ಹಳೆಯ ಹೊಡೆದಾಟದ ನಾಯಕರಲ್ಲಿ ನಮ್ಮನ್ನು ಹಿಡಿದಿಡುವುದು ಅವರ ಹೊಡೆತಕ್ಕಿಂತ ಹೆಚ್ಚಾಗಿ ಅವರ ತಾಳಿಕೆ. ಮೈ ದುಡಿದು ದಣಿದು ಗಟ್ಟಿಯಾಗಿದೆ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಆ ಗಟ್ಟಿತನವನ್ನು ಬೇಕಾದಾಗ ಮಾತ್ರ ಬಳಸುವ ಮನಸ್ಸೂ ಕಾಣುತ್ತದೆ. ಈಗಿನ ಚಿತ್ರಗಳಲ್ಲಿ ನಾಯಕ ತಂತಿಯ ಮೇಲೆ ಹಾರುತ್ತಾನೆ, ಕಂಪ್ಯೂಟರಿನಲ್ಲಿ ಕಟ್ಟಡ ಉರುಳುತ್ತದೆ, ಒಂದು ಹೊಡೆತ ಕಣ್ಣಿಗೆ ಬೀಳುವ ಮೊದಲೇ ದೃಶ್ಯ ನಾಲ್ಕು ತುಂಡಾಗಿರುತ್ತದೆ. ಅದಕ್ಕೂ ಕೌಶಲ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಅಲ್ಲಿ ಯಾರಿಗೂ ಉಬ್ಬಸ ಬರುವುದಿಲ್ಲ. 1976ರಲ್ಲಿ ಸಿಲ್ವೆಸ್ಟರ್ ಸ್ಟಲೋನ್ ತಾನೇ ಬರೆದು ನಟಿಸಿದ ಬಾಕ್ಸಿಂಗ್ ಚಿತ್ರ 'ರಾಕಿ'ಯ ಕೊನೆಯಲ್ಲಿ ನಾಯಕ ಸೋಲುತ್ತಾನೆ. ಹದಿನೈದು ಸುತ್ತು ಮುಗಿಯುವಾಗ ತನ್ನ ಕಾಲ ಮೇಲೆ ನಿಂತಿರಬೇಕೆಂಬುದು ಮಾತ್ರ ಅವನ ಹಟವಾಗಿತ್ತು, ಹಾಗೆ ನಿಲ್ಲುತ್ತಾನೆ. ಕ್ಲಿಂಟ್ ಈಸ್ಟ್‌ವುಡ್ ಮೊದಲ ಸಲ ಇಟಲಿಯವರ ಕೌಬಾಯ್ ಚಿತ್ರದಲ್ಲಿ ನಟಿಸಿದಾಗ ತನ್ನ ಪಾತ್ರಕ್ಕೆ ಬರೆದಿದ್ದ ಮಾತುಗಳನ್ನು ತಾನೇ ಕಡಿಮೆ ಮಾಡಿಸಿದ. ಅದೇ ಮನುಷ್ಯ 1992ರಲ್ಲಿ, ಅರವತ್ತು ದಾಟಿದ ಮೇಲೆ, ಕುದುರೆ ಹತ್ತಲಾರದೆ ಜಾರಿಬೀಳುವ ಮುದುಕನಾಗಿ ಕಾಣಿಸಿಕೊಂಡು ಆ ಚಿತ್ರಕ್ಕೆ ಆಸ್ಕರ್ ಗೆದ್ದ.

ಬ್ರಾನ್ಸನ್ ಇರುವ ಒಂದು ದೃಶ್ಯವನ್ನು ನೀವು ನೋಡಲೇಬೇಕು. 1960ರ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಚಿತ್ರದಲ್ಲಿ ಡಕಾಯಿತರ ಕಾಟಕ್ಕೆ ಸಿಕ್ಕಿದ ಒಂದು ಬಡ ರೈತರ ಹಳ್ಳಿಯನ್ನು ಕಾಯಲು ಏಳು ಜನ ಬಂದೂಕುಗಾರರು ಬರುತ್ತಾರೆ. ಊರ ಹುಡುಗರಿಗೆ ಬ್ರಾನ್ಸನ್ ಎಂದರೆ ಪ್ರಾಣ. ಒಂದು ದಿನ ಅವರಲ್ಲೊಬ್ಬ ತಮ್ಮ ಅಪ್ಪಂದಿರು ಹೇಡಿಗಳು ಎನ್ನುತ್ತಾನೆ. ಬ್ರಾನ್ಸನ್ ಅವನನ್ನು ಮಡಿಲಿಗೆ ಎಳೆದುಕೊಂಡು ಬೆನ್ನ ಕೆಳಗೆ ನಾಲ್ಕು ಬಾರಿಸುತ್ತಾನೆ. ಆಮೇಲೆ, ಬಂದೂಕು ಹಿಡಿಯುವುದು ದೊಡ್ಡ ಧೈರ್ಯವೇನಲ್ಲ, ಹೆಂಡತಿ ಮಕ್ಕಳ ಹೊಣೆ ಹೊತ್ತು ಫಲ ಸಿಗುವುದೋ ಇಲ್ಲವೋ ಎಂದು ತಿಳಿಯದೆಯೂ ದಿನವೂ ಹೊಲಕ್ಕಿಳಿಯುವ ನಿಮ್ಮ ಅಪ್ಪಂದಿರ ಧೈರ್ಯ ತನಗೆ ಯಾವತ್ತೂ ಬರಲಿಲ್ಲ ಎಂಬ ಅರ್ಥದ ಮಾತನ್ನು ಬಹಳ ಮೆಲ್ಲಗೆ ಹೇಳುತ್ತಾನೆ. ಗಣಿಯ ಕೂಲಿಯ ಮಗ ಆಡಿದ ಮಾತು ಎಂಬುದು ಗೊತ್ತಿದ್ದು ಕೇಳಿದರೆ ಗಂಟಲು ಕಟ್ಟುತ್ತದೆ. ಕೊಳೆರೋಗ ಬಂದು ಅರ್ಧ ಫಸಲು ಉದುರಿದ ವರ್ಷ ನೀವು ರೇನ್‌ಕೋಟು ಹಾಕಿಕೊಂಡು ಮತ್ತೆ ಮದ್ದು ಹೊಡೆಸಲು ಹೊರಟದ್ದು ನನಗೆ ಆ ದೃಶ್ಯದ ಜೊತೆಗೇ ನೆನಪಾಗುತ್ತದೆ. ಇದನ್ನು ನಿಮಗೆ ಎದುರಿಗೆ ನಿಂತು ಹೇಳಲು ನನಗೆ ಆಗುತ್ತಿರಲಿಲ್ಲ.

ಇನ್ನೊಂದು ಸಂಗತಿ ನಿಮಗೆ ಸಂತೋಷ ಕೊಡುತ್ತದೆ. ಈ ಏಳು ಜನರ ಕಥೆಯ ಮೂಲ ಜಪಾನಿನ ಅಕಿರಾ ಕುರೊಸಾವಾ 1954ರಲ್ಲಿ ಮಾಡಿದ ಸಮುರಾಯ್ ಚಿತ್ರ. ಈಸ್ಟ್‌ವುಡ್‌ನ ಆ ಮೊದಲ ಕೌಬಾಯ್ ಚಿತ್ರದ ಮೂಲವೂ ಕುರೊಸಾವಾನದೇ ಇನ್ನೊಂದು ಚಿತ್ರ. ಅದೇ ಕುರೊಸಾವಾನ ಪ್ರಭಾವದಲ್ಲಿ ನಮ್ಮ ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು 1978ರಲ್ಲಿ 'ಒಂದಾನೊಂದು ಕಾಲದಲ್ಲಿ' ಚಿತ್ರವನ್ನು ನಿರ್ದೇಶಿಸಿದರು, ಹೊನ್ನಾವರದ ಕಡೆಯ ಹುಡುಗ ಶಂಕರ್‌ನಾಗ್ ಗಂಡುಗಲಿ ಎಂಬ ಬಾಡಿಗೆ ಸೈನಿಕನಾಗಿ ಮೊದಲ ಬಾರಿಗೆ ತೆರೆಗೆ ಬಂದರು. ಆಗ ಅವರಿಗೆ ಇಪ್ಪತ್ತನಾಲ್ಕೂ ತುಂಬಿರಲಿಲ್ಲ. ಆ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಘಟ್ಟದ ಮೇಲಿನವರೊಬ್ಬರು, ಘಟ್ಟದ ಕೆಳಗಿನವರೊಬ್ಬರು ಸೇರಿ ಮಾಡಿದ ಕೆಲಸ ಅದು. ಮುಂದೆ 'ಆಟೋ ರಾಜ' ಬಂತು, ಸಾಂಗ್ಲಿಯಾನ ಬಂತು, ಕರಾಟೆ ಕಿಂಗ್ ಎಂಬ ಬಿರುದು ಬಂತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತವಾದಾಗ ಅವರಿಗೆ ಮೂವತ್ತೈದು ವರ್ಷ. ಸುದ್ದಿ ಕೇಳಿ ನೀವು ರೇಡಿಯೋ ಆರಿಸಿ ಜಗುಲಿಯಲ್ಲಿ ಸುಮ್ಮನೆ ಕೂತದ್ದು ನನಗೆ ಗೊತ್ತಿದೆ. ಅಣ್ಣನ ಮಗ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಹೋದವರ ಚಿತ್ರ ಇವತ್ತಿಗೂ ಆಟೋಗಳ ಹಿಂದೆ ಇರುವುದೇಕೆ ಎಂದು ಅವನು ಶಿರಸಿಯ ಯಾವುದಾದರೂ ಆಟೋ ನಿಲ್ದಾಣದಲ್ಲಿ ಕೇಳಲಿ. ಖಾಕಿ ತೊಟ್ಟು ಆಟೋ ಓಡಿಸುವವನನ್ನು ನಾಯಕನನ್ನಾಗಿ ಮಾಡಿದವರನ್ನು ಆ ಕಸುಬಿನವರು ಮರೆತಿಲ್ಲ.

ಅಂಥ ಚಿತ್ರಗಳೆಲ್ಲ ಒಳ್ಳೆಯವೆಂದು ನಾನು ಹೇಳುತ್ತಿಲ್ಲ. ಬ್ರಾನ್ಸನ್ 1974ರಲ್ಲಿ ಮಾಡಿದ, ಹೆಂಡತಿಯನ್ನು ಕಳೆದುಕೊಂಡವನು ರಾತ್ರಿ ಹೊತ್ತು ಬೀದಿಯಲ್ಲಿ ಪುಂಡರನ್ನು ಗುಂಡಿಟ್ಟು ಕೊಲ್ಲುತ್ತ ಹೋಗುವ ಚಿತ್ರ ಬಹಳ ಹಣ ಗಳಿಸಿತು. ಅದರ ಮೂಲ ಕಾದಂಬರಿ ಬರೆದವರಿಗೇ ಅದು ಹಿಡಿಸಲಿಲ್ಲ, ನನಗೂ ಹಿಡಿಸುವುದಿಲ್ಲ. ಅಲ್ಲಿ ತಾಳಿಕೆ ಕಳಚಿಹೋಗಿ ಬರೀ ಹೊಡೆತ ಉಳಿಯುತ್ತದೆ. ಇಂಥ ಎಷ್ಟೋ ಚಿತ್ರಗಳಲ್ಲಿ ಹೆಂಗಸರಿಗೆ ಅಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ ಎಂದು ಆಯಿ ಹೇಳುತ್ತಿದ್ದ ಮಾತೂ ನಿಜ.

ಕಥೆ ಗೊತ್ತಿದ್ದೂ ಮತ್ತೆ ಮತ್ತೆ ಏಕೆ ನೋಡುವುದು ಎಂದು ಅವನು ಕೇಳಿಯಾನು. ಭಸ್ಮಾಸುರ ಕೊನೆಗೆ ತನ್ನ ತಲೆಯ ಮೇಲೆ ಕೈಯಿಟ್ಟು ಬೂದಿಯಾಗುತ್ತಾನೆಂದು ತಿಳಿಯದವರು ನಮ್ಮ ಸೀಮೆಯಲ್ಲಿ ಯಾರಿದ್ದರು? ಆದರೂ ಯಕ್ಷಗಾನದಲ್ಲಿ ಚಿಟ್ಟಾಣಿಯವರ ಭಸ್ಮಾಸುರ ಎಂದರೆ ಚಾಪೆ ಕಂಬಳಿ ಹೊತ್ತುಕೊಂಡು ಹೋಗುತ್ತಿದ್ದೆವು. ಎಂಬತ್ತರ ಹೊಸ್ತಿಲಿನಲ್ಲೂ ಅವರು ಗೆಜ್ಜೆ ಕಟ್ಟಿ ರಂಗಕ್ಕೆ ಬಂದರೆ ಜನ ನೋಡುತ್ತಿದ್ದುದು ಆ ಮೈ ಇನ್ನೂ ಹೇಗೆ ಕುಣಿಯುತ್ತದೆ ಎಂಬುದನ್ನು. ಪ್ರಸಂಗ ಎಲ್ಲರದೂ ಒಂದೇ, ವೇಷ ಮಾತ್ರ ಅವರದು.

ಕೊನೆಯದಾಗಿ ಒಂದು ಕೇಳಿಕೆ. ಮಾರಿಕಾಂಬೆಯ ಜಾತ್ರೆಯ ಒಂದು ವರ್ಷ, ಬಿಡ್ಕಿ ಬೈಲಿನಲ್ಲಿ ದೇವಿಯ ದರ್ಶನ ಮುಗಿಸಿದ ಮೇಲೆ, ನೀವು ನನ್ನನ್ನೂ ಅಣ್ಣನನ್ನೂ ಒಂದು ಟೆಂಟಿನೊಳಗೆ ಕರೆದುಕೊಂಡು ಹೋಗಿ ಒಂದು ಹೊಡೆದಾಟದ ಚಿತ್ರ ತೋರಿಸಿದಿರಿ. ನಾನು ನಿಮ್ಮ ತೊಡೆಯ ಮೇಲೆ ಕೂತಿದ್ದೆ, ನಾಯಕನಿಗೆ ಏಟು ಬಿದ್ದಾಗಲೆಲ್ಲ ನಿಮ್ಮ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಹಿಡಿತ ನೆನಪಿದೆ, ಚಿತ್ರದ ಹೆಸರು ಮರೆತುಹೋಗಿದೆ. ಅಣ್ಣನಿಗೂ ನೆನಪಿಲ್ಲವಂತೆ. ನಿಮಗೆ ನೆನಪಿದ್ದರೆ ಅಣ್ಣನ ಮಗನ ಕೈಯಲ್ಲಿ ಬರೆಸಿ ಕಳಿಸಿರಿ. ಅದನ್ನು ಇಲ್ಲಿ ಹುಡುಕಿ ಇನ್ನೊಮ್ಮೆ ನೋಡಬೇಕೆಂದಿದ್ದೇನೆ.

ಅಣ್ಣ ಅತ್ತಿಗೆಯರಿಗೆ ನಮಸ್ಕಾರಗಳು, ಚಿಕ್ಕವನಿಗೆ ಆಶೀರ್ವಾದ.

ಇಂತಿ ನಿಮ್ಮ ಮಗ