ಆ ಜಾಹೀರಾತನ್ನು ನೀವು ನೋಡಿದ್ದೀರಾ?

ಮಾನ್ಯ ಸಂಪಾದಕರೇ,

ಸಾಗರದ ಬಸ್ ನಿಲ್ದಾಣದ ಹತ್ತಿರ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಅಂಗಡಿಗೆ ನಿಮ್ಮ ಪತ್ರಿಕೆ ಬರುತ್ತದೆ. ದುಡ್ಡು ಕೊಟ್ಟೇ ತರಿಸುತ್ತೇನೆ. ಕಳೆದ ವಾರ ಗಿರಾಕಿಯೊಬ್ಬರು ಹಳೆಯ ವರದಿಯೊಂದರ ಪ್ರಿಂಟ್ ಕೇಳಿದರು. ನಿಮ್ಮ ಜಾಲತಾಣಕ್ಕೆ ಹೋದರೆ ಸುದ್ದಿಯ ಮೇಲೆ ಬಿಳಿ ಪರದೆಯೊಂದು ಇಳಿಯಿತು. ನೀವು ಜಾಹೀರಾತು ತಡೆಯುವ ಆ್ಯಡ್ ಬ್ಲಾಕರ್ ಬಳಸುತ್ತಿದ್ದೀರಿ, ಅದನ್ನು ನಿಲ್ಲಿಸಿದರೆ ಮಾತ್ರ ಓದಬಹುದು, ಪತ್ರಿಕೋದ್ಯಮ ಉಳಿದಿರುವುದು ಜಾಹೀರಾತಿನಿಂದ ಎಂದು ಅದರ ಮೇಲೆ ಬರೆದಿತ್ತು. ಗಿರಾಕಿ ನನ್ನ ಮುಖ ನೋಡಿದರು. ಬಾಳೆಗೊನೆ ಕದಿಯುವಾಗ ಸಿಕ್ಕಿಬಿದ್ದವನ ಹಾಗಾಯಿತು ನನಗೆ. ಆ ಪರದೆಯ ಮೇಲೆ ಉತ್ತರ ಬರೆಯಲು ಜಾಗ ಇರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಂಗಡಿಗೆ ಬ್ಲಾಕರ್ ಬಂದದ್ದು ಒಂದು ಹಸಿರು ಗುಂಡಿಯ ದೆಸೆಯಿಂದ. ಮೂರು ವರ್ಷದ ಹಿಂದಿನ ಮಳೆಗಾಲ. ಹಳ್ಳಿಯಿಂದ ಬಂದ ಹಿರಿಯರೊಬ್ಬರಿಗೆ ಅರ್ಜಿ ನಮೂನೆಯೊಂದು ಬೇಕಿತ್ತು. ಇಂಥವನ್ನೆಲ್ಲ ಒಟ್ಟುಮಾಡಿ ಪುಕ್ಕಟೆಯಾಗಿ ಕೊಡುವ ತಾಣವೊಂದರಲ್ಲಿ ಸಿಕ್ಕಿತು. ಪುಟದಲ್ಲಿ 'ಡೌನ್‌ಲೋಡ್' ಎಂಬ ಹಸಿರು ಗುಂಡಿಗಳು ನಾಲ್ಕು. ಒಂದು ನಿಜದ್ದು, ಮೂರು ಜಾಹೀರಾತು. ಅಂಗಡಿಯ ಹುಡುಗ ಎಲ್ಲಕ್ಕಿಂತ ದೊಡ್ಡದನ್ನು ಒತ್ತಿದ. ಸಂಜೆಯ ಹೊತ್ತಿಗೆ ಪರದೆಯ ಮೂಲೆಯಿಂದ ನಿಮಿಷಕ್ಕೊಮ್ಮೆ 'ವೈರಸ್ ಹೊಕ್ಕಿದೆ, ಇಲ್ಲಿ ಒತ್ತಿ' ಎಂಬ ಪಟ್ಟಿ ಏಳತೊಡಗಿತು. ಎಷ್ಟೋ ಜನರ ಆಧಾರ್ ಕಾರ್ಡಿನ ಸ್ಕ್ಯಾನ್ ಇದ್ದ ಯಂತ್ರ ಅದು. ಎರಡು ದಿನ ಅಂಗಡಿ ಮುಚ್ಚಿ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದೆ. ಹಿರಿಯರು ಮೂರನೆಯ ದಿನ ಮತ್ತೆ ಬಂದರು, ಬಸ್ ಚಾರ್ಜು ಅವರದೇ.

ಅವತ್ತೇ ನಾಲ್ಕೂ ಕಂಪ್ಯೂಟರ್‌ಗಳಿಗೆ ಯುಬ್ಲಾಕ್ ಒರಿಜಿನ್ ಎಂಬ ಬ್ಲಾಕರ್ ಹಾಕಿದೆ. ಕ್ರೋಮ್ ಅದನ್ನು ಒಲ್ಲೆನೆಂದ ಮೇಲೆ ಫೈರ್‌ಫಾಕ್ಸ್‌ಗೆ ಬಂದೆ. ಆ ಬ್ಲಾಕರ್ ಬರೆದ ರೇಮಂಡ್ ಹಿಲ್ ಎಂಬವರು ದೇಣಿಗೆಯನ್ನೂ ಬೇಡವೆನ್ನುತ್ತಾರೆ. ಹಾಗೆಂದು ಬ್ಲಾಕರ್‌ಗಳೆಲ್ಲ ಸಂತರಲ್ಲ. ಆ್ಯಡ್‌ಬ್ಲಾಕ್ ಪ್ಲಸ್ ನಡೆಸುವ ಜರ್ಮನಿಯ ಕಂಪನಿ 2011ರಿಂದ ತನಗೆ ಸಭ್ಯವೆನಿಸಿದ ಜಾಹೀರಾತುಗಳನ್ನು ಒಳಗೆ ಬಿಡುತ್ತಿದೆ. ದೊಡ್ಡ ಕಂಪನಿಗಳಿಂದ ಅದಕ್ಕೆ ಶುಲ್ಕವನ್ನೂ ಪಡೆಯುತ್ತದೆ. ಬಾಗಿಲು ಕಾಯಲು ನಿಂತವನು ಸುಂಕದ ಕಟ್ಟೆ ಕಟ್ಟಿಕೊಂಡ ಹಾಗೆ. ಆ ಕಂಪನಿಯ ಮೇಲೆ ಆಕ್ಸೆಲ್ ಸ್ಪ್ರಿಂಗರ್ ಎಂಬ ಅಲ್ಲಿನ ದೊಡ್ಡ ಪತ್ರಿಕಾ ಸಂಸ್ಥೆ ಹೂಡಿದ ದಾವೆ 2018ರಲ್ಲಿ ಆ ದೇಶದ ಅತ್ಯುನ್ನತ ಸಿವಿಲ್ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಕಾನೂನು ನನ್ನ ಕಡೆಗಿದೆ ಎಂದು ಹೇಳಲು ಇದನ್ನು ಎತ್ತಲಿಲ್ಲ. ಜರ್ಮನಿಯ ತೀರ್ಪು ಹಿಡಿದುಕೊಂಡು ಸಾಗರದಲ್ಲಿ ವಾದ ಮಾಡುವಷ್ಟು ದಡ್ಡ ನಾನಲ್ಲ.

ನನಗೆ ಜಾಹೀರಾತಿನ ಮೇಲೆ ದ್ವೇಷವಿಲ್ಲ. ನಿಮ್ಮ ಪತ್ರಿಕೆಯಲ್ಲೇ ನಾನೂ ಜಾಹೀರಾತು ಕೊಟ್ಟವನು. ಅಂಗಡಿ ತೆರೆದ ಹೊಸತರಲ್ಲಿ ಕಂಪ್ಯೂಟರ್ ತರಬೇತಿಯನ್ನೂ ಇಟ್ಟುಕೊಂಡಿದ್ದೆ. ವರ್ಗೀಕೃತ ಕಾಲಂಗೆಂದು ಚೀಟಿ ಬರೆದು ನಿಮ್ಮ ಏಜೆಂಟರ ಬಳಿ ಒಯ್ದೆ. 'ಮೂರೇ ತಿಂಗಳಲ್ಲಿ ಉದ್ಯೋಗ ಖಾತರಿ' ಎಂದಿತ್ತು. ಅವರು ಕನ್ನಡಕ ಏರಿಸಿ ಓದಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದು 'ಉದ್ಯೋಗ ಖಾತರಿ'ಯ ಮೇಲೆ ಗೀಟು ಎಳೆದರು. "ಈವರೆಗೆ ಯಾರಿಗೆ ಕೆಲಸ ಕೊಡಿಸಿದ್ದೀಯಪ್ಪ? ಇದನ್ನು ಹೀಗೇ ಕಳಿಸಿದರೆ ಬೈಸಿಕೊಳ್ಳುವವನು ನಾನು" ಎಂದರು. ಪದಕ್ಕೆ ಇಷ್ಟು ಎಂಬ ದರವಾದ್ದರಿಂದ ಎರಡು ಪದದ ದುಡ್ಡು ಉಳಿಯಿತು. ಅವಮಾನವೇನೋ ಆಯಿತು, ಒಂದು ವಾರ ಅವರ ಅಂಗಡಿಯ ಮುಂದೆ ಹಾಯಲಿಲ್ಲ. ಆದರೆ ಅಂದಿನಿಂದ ನಿಮ್ಮ ಪತ್ರಿಕೆಯ ಜಾಹೀರಾತು ಓದುವಾಗ, ಇದನ್ನೂ ಯಾರೋ ಒಬ್ಬರು ಕನ್ನಡಕ ಏರಿಸಿ ಓದಿಯೇ ಕಳಿಸಿದ್ದಾರೆ ಎಂಬ ನಂಬಿಕೆ ನನ್ನದು.

ಜಾಲತಾಣದಲ್ಲಿ ಆ ಕೆಂಪು ಪೆನ್ನು ಯಾರ ಕೈಯಲ್ಲಿದೆ? ಅಲ್ಲಿ ಜಾಹೀರಾತಿನ ಬಹುಪಾಲು ಜಾಗ ಹೋಗುವುದು ಹರಾಜಿನಲ್ಲಿ. ನಮ್ಮ ಎಪಿಎಂಸಿಯಲ್ಲಿ ವ್ಯಾಪಾರಿಗಳು ಅಡಿಕೆಯನ್ನು ಕೈಯಲ್ಲಿ ಹಿಡಿದು, ಒಡೆದು ನೋಡಿ ಟೆಂಡರ್ ಬರೆಯುತ್ತಾರೆ. ಜಾಲತಾಣದ ಹರಾಜಿನಲ್ಲಿ ಮೂಟೆ ಓದುಗನೇ. ಯಾವ ಊರಿನವನು, ಯಾವ ಫೋನು, ನಿನ್ನೆ ಏನು ಹುಡುಕಿದ್ದ ಎಂದು ನೋಡಿ ಅವನ ಮೇಲೆ ಕೂಗುತ್ತಾರೆ. ಪುಟ ತೆರೆದು ಮುಗಿಯುವುದರೊಳಗೆ ಹರಾಜು ಮುಗಿದು, ಗೆದ್ದವನ ಜಾಹೀರಾತು ನೇರವಾಗಿ ಓದುಗನ ಪರದೆಗೆ ಬಂದಿರುತ್ತದೆ. ನಿಮ್ಮ ಕಚೇರಿಯಲ್ಲಿ ಅದನ್ನು ಕಂಡವರು ಯಾರೂ ಇರುವುದಿಲ್ಲ. 2016ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿಯಂಥವರ ತಾಣಗಳಿಗೇ ಜಾಹೀರಾತಿನ ವೇಷದಲ್ಲಿ ಕಂಪ್ಯೂಟರಿಗೆ ಬೀಗ ಹಾಕಿ ಹಣ ಕೇಳುವ ಸುಲಿಗೆಯ ತಂತ್ರಾಂಶ ನುಗ್ಗಿತ್ತು. ಅವರಿಗೇ ತಡೆಯಲಾಗದ್ದನ್ನು ನನ್ನ ಅಂಗಡಿಯ ಹುಡುಗ ಹೇಗೆ ತಡೆದಾನು?

ಇನ್ನೊಂದು ಮಗ್ಗುಲೂ ಇದೆ, ಮುಚ್ಚಿಡುವುದಿಲ್ಲ. ನಮ್ಮ ಬೀದಿಯ ಯುವಕನೊಬ್ಬ ಒಬ್ಬನೇ ತಾಲ್ಲೂಕಿನ ಸುದ್ದಿತಾಣ ನಡೆಸುತ್ತಾನೆ. ರಾಶಿ, ಚಾಲಿ, ಬಿಳಿಗೋಟು, ಕೋಕ ಎಂಬ ಅಡಿಕೆ ಬಗೆಗಳ ದಿನದ ಧಾರಣೆ, ಮಳೆಗಾಲದಲ್ಲಿ ಲಿಂಗನಮಕ್ಕಿ ಜಲಾಶಯ ತುಂಬುವ 1819 ಅಡಿಗೆ ಇನ್ನೆಷ್ಟು ಬಾಕಿ, ಎಲ್ಲಿ ಮರ ಬಿದ್ದು ರಸ್ತೆ ಬಂದಾಗಿದೆ, ಎಲ್ಲವೂ ಅದರಲ್ಲಿ ಸಿಗುತ್ತದೆ. ಓದುವವರಿಂದ ಒಂದು ಪೈಸೆ ಪಡೆಯುವುದಿಲ್ಲ. ನನ್ನ ಅಂಗಡಿಯಲ್ಲಿ ಬ್ಲಾಕರ್ ಇದೆ ಎಂದು ಬಾಯಿತಪ್ಪಿ ಹೇಳಿದ ದಿನ ಅವನ ಮುಖ ಸಣ್ಣದಾಯಿತು. "ಅಣ್ಣ, ನೀವು ದಿನಾ ನನ್ನ ಧಾರಣೆಯನ್ನೇ ಬೋರ್ಡಿನ ಮೇಲೆ ಬರೆಯುತ್ತೀರಿ" ಎಂದ. ಅಷ್ಟೇ ಹೇಳಿದ್ದು. ಅವನ ತಾಣಕ್ಕೆ ಆಗಲೇ ಬ್ಲಾಕರ್‌ನಿಂದ ವಿನಾಯಿತಿ ಕೊಟ್ಟೆ.

ಮರುದಿನ ಬೆಳಿಗ್ಗೆ ರಾಶಿಯ ದರದ ಕೆಳಗೆ 'ಸಕ್ಕರೆ ಕಾಯಿಲೆ ಏಳು ದಿನದಲ್ಲಿ ಮಾಯ' ಎಂದಿತ್ತು. ಕರೆದು ತೋರಿಸಿದೆ. ಅವನು ಬೆಪ್ಪಾದ. ತನ್ನ ಫೋನಿನಲ್ಲಿ ಅದೇ ಪುಟ ತೆರೆದ. ಅಲ್ಲಿ ಟ್ರ್ಯಾಕ್ಟರ್ ಇತ್ತು. ತನ್ನದೇ ತಾಣದಲ್ಲಿ ನನಗೆ ಏನು ಕಾಣುತ್ತದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಅವನ ತಾಯಿಗೆ ಸಕ್ಕರೆ ಕಾಯಿಲೆ ಇದೆ. ಅಂದು ರಾತ್ರಿ ಅಂಗಡಿಯಲ್ಲೇ ಕುಳಿತು ಅವನ ತಾಣಕ್ಕೆ ಜಾಹೀರಾತು ಕಳಿಸುವ ಗೂಗಲ್ ಆ್ಯಡ್‌ಸೆನ್ಸ್‌ನ ಒಳಗೆ ಹೊಕ್ಕೆವು. ಬೇಡದ ವರ್ಗಗಳನ್ನು ಒಂದೊಂದಾಗಿ ಮುಚ್ಚುವ ಸೌಲಭ್ಯ ಅಲ್ಲಿದೆ. ಯಾವ ವರ್ಗದಿಂದ ಆದಾಯದ ಎಷ್ಟು ಪಾಲು ಬಂದಿದೆ ಎಂಬುದೂ ಪಕ್ಕದಲ್ಲೇ ಕಾಣುತ್ತದೆ. ಆ ಅಂಕಿಯನ್ನು ನೋಡುತ್ತ ಅವನ ಬೆರಳು ಸ್ವಲ್ಪ ಹೊತ್ತು ನಿಂತದ್ದನ್ನು ನಾನು ಕಂಡೆ. ಆಮೇಲೆ ಮುಚ್ಚಿದ.

ಒಬ್ಬನೇ ನಡೆಸುವ ತಾಣದವನಿಗೆ ಒಂದು ರಾತ್ರಿಯಲ್ಲಿ ಆದದ್ದು, ಜಾಹೀರಾತು ವಿಭಾಗವೇ ಇರುವ ನಿಮಗೆ ಆಗದೇ? ಓದುಗನಿಗೆ ಪರದೆ ಇಳಿಸುವ ಮೊದಲು ಅದನ್ನು ಮಾಡಿ. ಮಾಡಿದ್ದೇವೆ ಎಂದು ಆ ಪರದೆಯ ಮೇಲೆ ಬರೆಯಿರಿ. ನಿಮ್ಮ ತಾಣಕ್ಕೂ ವಿನಾಯಿತಿ ಕೊಡುತ್ತೇನೆ.

ಕೊನೆಯದಾಗಿ ಒಂದು ವ್ಯವಹಾರದ ಮಾತು. ಬರುವ ತಿಂಗಳು ಅಂಗಡಿಗೆ ದೊಡ್ಡ ಲ್ಯಾಮಿನೇಷನ್ ಯಂತ್ರ ಬರುತ್ತದೆ. ನಿಮ್ಮ ಜಾಲತಾಣದಲ್ಲಿ ಶಿವಮೊಗ್ಗ ಜಿಲ್ಲೆಯ ಸುದ್ದಿಗಳ ಪಕ್ಕ ಅದರ ಜಾಹೀರಾತು ಹಾಕಿಸಬೇಕೆಂದಿದ್ದೇನೆ. ಕೆಂಪು ಪೆನ್ನಿನ ಏಜೆಂಟರು ಈಗಿಲ್ಲ, ಅವರ ಮಗ ನೋಡಿಕೊಳ್ಳುತ್ತಾರೆ. ಕೇಳಿದರೆ, "ಪೇಪರಿಗಾದರೆ ಬರೆದುಕೊಡಿ, ವೆಬ್‌ಸೈಟ್ ನಮ್ಮ ಕೈಯಲ್ಲಿಲ್ಲ, ಗೂಗಲ್‌ಗೆ ಕೊಡಿ, ಅದು ಎಲ್ಲಿ ಬರುತ್ತದೋ ಹೇಳಲಾಗದು" ಎಂದರು. ನಿಮ್ಮ ಪುಟದಲ್ಲೇ ಬರಬೇಕಾದರೆ ಯಾರಿಗೆ ಕೊಡಬೇಕು, ದರ ಎಷ್ಟು, ದಯವಿಟ್ಟು ತಿಳಿಸಿ. ಮಜಕೂರು ಸಿದ್ಧವಿದೆ. ಖಾತರಿ ಎಂಬ ಪದ ಎಲ್ಲೂ ಇಲ್ಲ.

— ಜೆರಾಕ್ಸ್ ಅಂಗಡಿಯವನು, ಸಾಗರ