ರಾತ್ರಿ ಹನ್ನೊಂದರ ಫೋನು

ಪ್ರೀತಿಯ ಪುಟ್ಟಿ,

ಟೀಮ್ ಲೀಡ್ ಆದ ಮೇಲೆ ನಿನ್ನ ಫೋನು ಬರುವುದೇ ರಾತ್ರಿ ಹನ್ನೊಂದಕ್ಕೆ. "ಎಲ್ಲಾ ನಾನೇ ನೋಡ್ಬೇಕಪ್ಪಾ, ಒಬ್ಬರನ್ನೂ ನಂಬೋ ಹಾಗಿಲ್ಲ" ಅನ್ನುತ್ತೀಯ. ಅಮ್ಮ ಪಾಪ ಅಂದಳು. ನನಗೆ ನಗು ಬಂತು. ಮೊದಲ ಸಲ ಬ್ಯಾಂಕ್ ಮ್ಯಾನೇಜರ್ ಆದಾಗ ನಾನೂ ಒಂದೊಂದು ವೋಚರನ್ನೂ ನನ್ನ ಮೇಜಿಗೇ ತರಿಸುತ್ತಿದ್ದೆ. ಕೌಂಟರಿನ ಮುಂದೆ ಸಾಲು ಬೆಳೆಯುತ್ತಿತ್ತು, ಸಿಬ್ಬಂದಿ ಕೈಕಟ್ಟಿ ಕೂತಿರುತ್ತಿದ್ದರು.

ನಾನು ಓದಿದ ಮಂಗಳೂರಿನ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಶುರು ಮಾಡಿದವರು ಯೇಸು ಸಭೆ ಅನ್ನುವ ಕ್ಯಾಥೋಲಿಕ್ ಸನ್ಯಾಸಿ ಸಂಘದ ಫಾದರ್‌ಗಳು, ಅಂದರೆ ಜೆಸ್ವಿಟರು. ನಾವು ಕ್ರೈಸ್ತರಲ್ಲ, ಆದರೂ ಆ ಸಭೆಯ ಕತೆ ನನಗೆ ಅಂಟಿಕೊಂಡಿದೆ.

ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ಮೊದಲು ಸ್ಪೇನಿನಲ್ಲಿ ಸೈನಿಕ. 1521ರಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು, ದಾರಿಯೇ ಬದಲಾಯಿತು. 1540ರಲ್ಲಿ ಪೋಪ್ ಸಭೆಗೆ ಒಪ್ಪಿಗೆ ಕೊಟ್ಟರು. ಮರುವರ್ಷ ಜೊತೆಗಾರರು ಆತನನ್ನೇ ಮುಖ್ಯಸ್ಥನಾಗಿ ಆರಿಸಿದರು. ಬೇಡ ಅಂದ. ಮತ್ತೆ ಮತ ಹಾಕಿಸಿದ, ಮತ್ತೆ ಆತನದೇ ಹೆಸರು! ನೀನು ಈ ಪ್ರಮೋಶನ್ನಿಗೆ ಎಷ್ಟು ಓಡಾಡಿದೆ ಅಂತ ಗೊತ್ತು, ಇರಲಿ ಬಿಡು.

ನಾನು ಹೇಳಹೊರಟದ್ದು ಆ ಜೊತೆಗಾರರಲ್ಲೊಬ್ಬನಾದ ಫ್ರಾನ್ಸಿಸ್ ಝೇವಿಯರ್ ವಿಷಯ. ಭಾರತಕ್ಕೆ ಹೊರಡಬೇಕಿದ್ದವರೊಬ್ಬರು ಕಾಯಿಲೆ ಬಿದ್ದರು. ಇಗ್ನೇಷಿಯಸ್ ಈತನನ್ನು ಕೇಳಿದ, ಈತ ಹೂಂ ಅಂದು ಹೊರಟೇಬಿಟ್ಟ. ಗೋವಾ ಮುಟ್ಟಿದ್ದು 1542ರಲ್ಲಿ. ಇಗ್ನೇಷಿಯಸ್ ಇದ್ದ ರೋಮಿಗೆ ಬರೆದ ಕಾಗದಕ್ಕೆ ಉತ್ತರ ಬರಲು ವರ್ಷಗಳೇ ಬೇಕಿತ್ತು. ಹಾಗಾಗಿ ಮಲಕ್ಕಾಕ್ಕೆ ಹೋಗಬೇಕೋ, ಜಪಾನಿಗೋ, ಅಲ್ಲಿ ಜನರ ಹತ್ತಿರ ಹೇಗೆ ಮಾತಾಡಬೇಕೋ, ಎಲ್ಲ ಅವನದೇ ತೀರ್ಮಾನ. ಇಗ್ನೇಷಿಯಸ್ ಬರೆದ ನಿಯಮಗಳಲ್ಲೂ ಜಾಗ, ಕಾಲ, ಜನ ನೋಡಿಕೊಂಡು ಬದಲಿಸಿಕೊಳ್ಳಿ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ನೀನೋ, ಪಕ್ಕದ ಕುರ್ಚಿಯವನ ಸ್ಟೇಟಸ್ಸನ್ನು ಗಂಟೆಗೊಮ್ಮೆ ಕೇಳುತ್ತೀಯ.

ಸುಮ್ನೆ ಕೈಬಿಟ್ಟದ್ದಲ್ಲ, ತಿಳ್ಕೊ. ಸೇರಿದವರಿಗೆ ವರ್ಷಗಟ್ಟಲೆ ತಯಾರಿ ಇತ್ತು. ದಿನಕ್ಕೆ ಎರಡು ಸಲ, ಮಧ್ಯಾಹ್ನ ಮತ್ತು ರಾತ್ರಿ, ಕೂತು ತನ್ನನ್ನೇ ವಿಚಾರಿಸಿಕೊಳ್ಳಬೇಕು. ಅದೂ ಮೊದಲು ದೇವರು ಕೊಟ್ಟದ್ದಕ್ಕೆ ವಂದನೆ ಹೇಳಿ, ಆಮೇಲೆ ತಪ್ಪು ಹುಡುಕುವುದು. ಬೇರೆಯವರದಲ್ಲ, ತನ್ನದು. ಹಾಗಂತ ಅವರದ್ದೆಲ್ಲ ನನಗೆ ಒಪ್ಪಿಗೆ ಅಂತಲ್ಲ. ಮೇಲಿನವರಿಗೆ ಹೆಣದ ಹಾಗೆ ವಿಧೇಯರಾಗಿರಬೇಕು ಅನ್ನುವ ಮಾತು ಇವತ್ತಿಗೂ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಝೇವಿಯರ್ ಗೆಳೆಯರ ಕಾಗದಗಳಿಂದ ಅವರ ಸಹಿಗಳನ್ನು ಕತ್ತರಿಸಿ ಕೊರಳಲ್ಲಿ ಕಟ್ಟಿಕೊಂಡಿದ್ದನಂತೆ. ಇಗ್ನೇಷಿಯಸ್ 1553ರಲ್ಲಿ ವಾಪಸ್ ಬಾ ಅಂತ ಬರೆದ. ಅಷ್ಟರಲ್ಲಿ ಝೇವಿಯರ್ ಚೀನಾದ ಬಾಗಿಲಲ್ಲಿ, ಒಂದು ದ್ವೀಪದಲ್ಲಿ, ತೀರಿಕೊಂಡು ಆರು ತಿಂಗಳು ದಾಟಿತ್ತು. ನಿನ್ನ ಮೇಲ್‌ಗಳಲ್ಲಿ ಯಾರಾದರೂ ಹಾಗೆ ಎತ್ತಿಟ್ಟುಕೊಳ್ಳುವಂಥದ್ದು ಒಂದಾದರೂ ಇದೆಯಾ?

ಆ ಹೊಸ ಹುಡುಗನಿಗೆ ಈ ವಾರ ಒಂದು ಇಡೀ ಕೆಲಸ ಒಪ್ಪಿಸಿ ನೋಡು. ಫೋನು ಒಂಬತ್ತಕ್ಕೆ ಮಾಡು, ಹನ್ನೊಂದಕ್ಕೆ ನನಗೆ ನಿದ್ದೆ ಬರ್ತದೆ.

ನಿನ್ನ
ಅಪ್ಪ