ಅಪ್ಪನ ಹೆಸ್ರಿನ ದತ್ತಿ ಬೀರುವಿನಲ್ಲೇ ಉಳಿದಿತ್ತು

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಲ್ಲಿ ನಮ್ಮ ಕಡೇದೇ ಒಂದು ಹೈಸ್ಕೂಲಿನ ಪ್ರತಿಭಾ ಪುರಸ್ಕಾರದ ಫೋಟೋ ಬಂದಿತ್ತು, ಯಾರೋ ಪುಣ್ಯಾತ್ಮರು ತಾಯಿ ಹೆಸ್ರಲ್ಲಿ ದತ್ತಿ ಇಟ್ಟಿದಾರೆ, ಒಳ್ಳೇ ಕೆಲ್ಸ, ಅದಕ್ಕೆ ನಂದೇನೂ ತಕರಾರಿಲ್ಲ. ಆದ್ರೆ ಸುಮ್ನೆ ಎಣಿಸ್ದೆ, ಪೇಟ ಶಾಲು ಹಾಕ್ಕೊಂಡು ನಿಂತೋರು ಹದಿನಾಲ್ಕು ಜನ, ಮಕ್ಕಳು ಮೂರು, ಅದ್ರಲ್ಲೂ ತುದೀಲಿ ನಿಂತ ಹುಡುಗಿ ಮುಖ ಅರ್ಧ ಕಟ್ ಆಗಿದೆ. ನಗೂನೂ ಬಂತು, ನಮ್ಮನೆ ಕಥೇನೂ ನೆನಪಾಯ್ತು, ಅದಕ್ಕೆ ಬರೀತಿದೀನಿ.

ನಮ್ಮಪ್ಪ ಶಿಡ್ಲಘಟ್ಟ ತಾಲೂಕಿನ ಹಳ್ಳೀಲಿ ಮೇಷ್ಟ್ರಾಗಿದ್ದೋರು. ಅವ್ರು ಹೋದ್ಮೇಲೆ 1997ರಲ್ಲಿ ನಾವು ಅಣ್ಣತಮ್ಮಂದ್ರು ಅಕ್ಕ ಎಲ್ಲಾ ಕೈ ಸೇರಿಸಿ, ಅಮ್ಮ ಆ ಬೆಳೆ ರೇಷ್ಮೆ ಗೂಡು ಮಾರಿದ ದುಡ್ಡೂ ಹಾಕಿ, ಊರಿನ ಸರ್ಕಾರಿ ಹೈಸ್ಕೂಲಿಗೆ ಅಂತ 25,000 ರೂಪಾಯಿ ಎಫ್‌ಡಿ ಇಟ್ವಿ. ಆಗ ಹತ್ತು ಗ್ರಾಂ ಚಿನ್ನ ಐದು ಸಾವಿರದ ಒಳಗಿತ್ತು, ಲೆಕ್ಕ ಹಾಕ್ಕೊಳ್ಳಿ. ಬಡ್ಡಿ ಹನ್ನೆರಡು ಪರ್ಸೆಂಟು, ವರ್ಷಕ್ಕೆ 3,000 ಬರೋದು, ಎಸ್‌ಎಸ್‌ಎಲ್‌ಸೀಲಿ ಫಸ್ಟು ಸೆಕೆಂಡು ಬಂದ ಇಬ್ರಿಗೆ ಒಂದೂವರೆ ಸಾವಿರ ಒಂದೂವರೆ ಸಾವಿರ. ಆಗಿನ ಕಾಲಕ್ಕೆ ಅದು ದುಡ್ಡೇ. ಈಗ ಅದೇ ಇಪ್ಪತ್ತೈದು ಸಾವಿರಕ್ಕೆ ಆರೂವರೆ ಪರ್ಸೆಂಟ್ ಹಿಡಿದ್ರೆ 1,625, ಒಬ್ಬೊಬ್ರಿಗೆ 812 ರೂಪಾಯಿ ಐವತ್ತು ಪೈಸೆ. ಹಾರ ತುರಾಯಿಗೇ ಅದಕ್ಕಿಂತ ಜಾಸ್ತಿ ಆಗತ್ತೆ.

ಅದೂ ಹೋಗ್ಲಿ ಅಂದ್ರೆ, ಕೆಲವು ವರ್ಷ ಆದ್ಮೇಲೆ ಸ್ಕೂಲಿಂದ ಫೋನು ಬರೋದೇ ನಿಂತೋಯ್ತು, ನಾವೂ ಬೆಂಗಳೂರು ಸೇರ್ಕೊಂಡಿದ್ವಿ, ಕೇಳ್ಲಿಲ್ಲ, ತಪ್ಪು ನಮ್ದೂ ಇದೆ. ಅಮ್ಮ ತೀರ್ಕೊಂಡ ವರ್ಷ ಊರಿಗೆ ಹೋದಾಗ ವಿಚಾರಿಸಿದ್ರೆ ಹೆಡ್‌ಮಾಸ್ಟ್ರು ಪಾಪ ಹೊಸಬ್ರು, "ಸಾರ್, ನಂಗೆ ಚಾರ್ಜ್ ಕೊಡುವಾಗ ಇದ್ಯಾವ್ದೂ ಕೊಟ್ಟಿಲ್ಲ" ಅಂದ್ರು. ಎರಡು ದಿನ ಬೀರು ಜಾಲಾಡಿದ್ಮೇಲೆ ಹಳೇ ಹಾಜರಿ ಪುಸ್ತಕದ ನಡುವೆ ರಶೀದಿ ಸಿಕ್ತು, ಗುಂಡುಸೂಜಿ ತುಕ್ಕು ಹಿಡ್ದು ಅಪ್ಪನ ಹೆಸ್ರಿನ ಮೇಲೇ ಕಂದು ಕಲೆ ಬಿದ್ದಿತ್ತು. ಹಿಂದೆ ತಿರುಗಿಸಿ ನೋಡಿದ್ರೆ 2002ರಲ್ಲಿ ಒಂದ್ಸಲ ರಿನ್ಯೂವಲ್ ಸೀಲು, ಆಮೇಲೆ ಖಾಲಿ. 2007ಕ್ಕೆ ಅವಧಿ ಮುಗಿದಿದೆ, ಯಾರೂ ಬ್ಯಾಂಕ್ ಕಡೆ ತಲೆ ಹಾಕಿಲ್ಲ.

ಈ ವಿಷ್ಯ ದತ್ತಿ ಇಟ್ಟಿರೋ ಎಲ್ರೂ ತಿಳ್ಕೋಬೇಕು. ಅವಧಿ ಮುಗಿದು ಹತ್ತು ವರ್ಷ ಯಾರೂ ಕೇಳದೇ ಇದ್ರೆ ಆ ದುಡ್ಡನ್ನ ಬ್ಯಾಂಕಿನವ್ರು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸಿಬಿಡ್ತಾರೆ, 2014ರಿಂದ ಈ ಪದ್ಧತಿ ಇದೆ. ಮುಳುಗಿ ಹೋಗಲ್ಲ, ಯಾವಾಗ ಬೇಕಾದ್ರೂ ಬ್ಯಾಂಕಿನ ಮೂಲಕಾನೇ ವಾಪಸ್ ಕೇಳಬಹುದು, ಆದ್ರೆ ಅಲ್ಲಿ ಬಡ್ಡಿ ಈಗ ಬರೀ 3 ಪರ್ಸೆಂಟು. ಹುಡುಕೋಕೆ ಉದ್ಗಮ್ ಅಂತ ರಿಸರ್ವ್ ಬ್ಯಾಂಕಿಂದೇ ವೆಬ್‌ಸೈಟು 2023ರಿಂದ ಇದೆ, ಸಂಸ್ಥೆ ಹೆಸ್ರಲ್ಲೂ ಹುಡುಕಬಹುದು. ಬ್ಯಾಂಕಿನ ಹೆಸ್ರೇ ಬದಲಾಗಿರತ್ತೆ ಅನ್ನೋದೂ ನೆನಪಿರ್ಲಿ, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರ್ತು, ವಿಜಯಾ ಬ್ಯಾಂಕು 2019ರಲ್ಲಿ ಬರೋಡಾಗೆ, ಸಿಂಡಿಕೇಟು 2020ರಲ್ಲಿ ಕೆನರಾಗೆ, ಹಾಗಾಗಿ ಹಳೇ ರಶೀದಿ ಇಟ್ಕೊಂಡು ಆ ಬೋರ್ಡು ಹುಡುಕ್ತಾ ಹೋದ್ರೆ ಸಿಗಲ್ಲ. ನಮ್ಗೆ ಹೆಡ್‌ಮಾಸ್ಟ್ರ ಲೆಟರ್ರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನಡಾವಳಿ, ಕೆವೈಸಿ ಅಂತ ಒಂಬತ್ತು ತಿಂಗ್ಳು ಓಡಾಟ ಆಯ್ತು. ಬಂತು ಅನ್ನಿ.

ದುಡ್ಡು ಕೈಗೆ ಬಂದ್ಮೇಲೆ ಮನೇಲಿ ದೊಡ್ಡ ಚರ್ಚೆ. ಅಕ್ಕ ಒಂದೇ ಮಾತು ಕೇಳಿದ್ಲು, "ಇಷ್ಟು ವರ್ಷ ಫಸ್ಟ್ ಬಂದೋರಿಗೆ ಕೊಟ್ವಲ್ಲೋ, ಅವ್ರಲ್ಲಿ ಈ ದುಡ್ಡು ಇಲ್ದಿದ್ರೆ ಓದು ಬಿಡ್ತಿದ್ದೋರು ಎಷ್ಟು ಜನ?" ಯಾರ ಹತ್ರಾನೂ ಉತ್ತರ ಇರ್ಲಿಲ್ಲ. ಫಸ್ಟ್ ಬಂದ ಮಗೂನ ಕಾಲೇಜಿನವ್ರೇ ಹುಡ್ಕೊಂಡು ಬಂದು ಫ್ರೀ ಸೀಟು ಕೊಟ್ಟು ಕರ್ಕೊಂಡು ಹೋಗ್ತಾರೆ. ನಿಂತು ಹೋಗೋದು ಐವತ್ತು ಅರವತ್ತು ಪರ್ಸೆಂಟ್ ತಗೊಂಡವ್ನು, ಅದೂ ರಿಸಲ್ಟ್ ಬಂದು ಕಾಲೇಜು ಶುರು ಆಗೋ ಆ ಮೇ ಜೂನ್ ತಿಂಗಳಲ್ಲೇ, ಯಾಕಂದ್ರೆ ಆ ಗ್ಯಾಪಲ್ಲಿ ಅವ್ನು ಟೊಮೇಟೊ ಲೋಡಿಗೆ ಹೋಗಿ ದಿನಾ ಕೂಲಿ ನೋಡಿರ್ತಾನೆ. ನಮ್ಮ ದತ್ತಿ ಕೊಡ್ತಿದ್ದಿದ್ದು ಜನವರೀಲಿ, ವಾರ್ಷಿಕೋತ್ಸವದಲ್ಲಿ! ಸರ್ಕಾರ 2021ರಲ್ಲಿ ರೈತರ ಮಕ್ಕಳಿಗೆ ಅಂತ ರೈತ ವಿದ್ಯಾನಿಧಿ ಶುರು ಮಾಡ್ತು, ಪಿಯುಸಿ ಐಟಿಐ ಹುಡುಗ್ರಿಗೆ 2,500, ಹುಡ್ಗೀರಿಗೆ 3,000, ಆದ್ರೆ ಅದೆಲ್ಲ ಕಾಲೇಜು ಸೇರಿದ್ಮೇಲಿನ ಮಾತು. ಸೇರೋದಕ್ಕೇ ಬೇಕಲ್ಲ ದುಡ್ಡು. ನಮ್ಮ ಜಿಲ್ಲೇಯವ್ರೇ ಆದ ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವ್ರು 1935ರಲ್ಲಿ ಗೌರಿಬಿದನೂರು ಹೊಸೂರಿಂದ ಬೆಂಗಳೂರಿಗೆ ನಡ್ಕೊಂಡೇ ಹೋಗಿ ಹೈಸ್ಕೂಲ್ ಸೇರಿದ್ರು ಅಂತ ಭಾಷಣದಲ್ಲಿ ಎಲ್ರೂ ಹೇಳ್ತೀವಿ, ಅವ್ರು ನಡೆದ್ರು ಸರಿ, ಬಸ್ ಚಾರ್ಜ್ ಇಲ್ದೆ ಊರಲ್ಲೇ ಉಳ್ಕೊಂಡೋರ ಲೆಕ್ಕ ಯಾರು ಇಟ್ಟಿದಾರೆ.

ಕೊನೆಗೆ ಎಲ್ರೂ ಸೇರಿ ಎರಡು ಲಕ್ಷ ಮಾಡಿದ್ವಿ, ವರ್ಷಕ್ಕೆ 13,000 ಬರತ್ತೆ. ಕರಾರು ಹೊಸ್ದಾಗಿ ಬರೆಸಿದ್ವಿ, ರ‍್ಯಾಂಕು ತೆಗೆದು ಹಾಕಿದ್ವಿ, ಕೊಡೋದು ಜೂನ್ ಮೊದಲ ವಾರ, ಸ್ಟೇಜು ಇಲ್ಲ ಶಾಲು ಇಲ್ಲ. ಯಾರಿಗೆ ಅನ್ನೋದನ್ನ ಕ್ಲಾಸ್ ಮೇಷ್ಟ್ರು ಮತ್ತೆ ಬಿಸಿಯೂಟದ ಅಕ್ಕ ಸೇರಿ ಹೇಳ್ಬೇಕು. ಇದಕ್ಕೆ ನಮ್ಮಣ್ಣ ಮೂಗು ಮುರಿದ, ಆದ್ರೆ ಯಾವ ಮಗು ಬೆಳಿಗ್ಗೆ ಏನೂ ತಿನ್ದೆ ಬಂದು ಎರಡನೇ ಸಲ ಅನ್ನ ಹಾಕಿಸ್ಕೊಳತ್ತೆ ಅಂತ ಆ ಅಕ್ಕಂಗೆ ಗೊತ್ತಿರೋಷ್ಟು ಇನ್ಯಾರಿಗೂ ಗೊತ್ತಿರಲ್ಲ. ಹೋದ ವರ್ಷ ಅವ್ರು ತೋರಿಸಿದ ಹುಡುಗ ಐಟಿಐ ಫಿಟ್ಟರ್ ಸೇರಿದಾನೆ, ಶೂ, ಯೂನಿಫಾರ್ಮು, ಬಸ್ ಪಾಸು ಆಯ್ತು. ಹೆಣ್ಮಕ್ಕಳಿಗೆ ಶಕ್ತಿ ಯೋಜನೆ ಇದೆ, ಗಂಡು ಹುಡುಗ್ರಿಗೆ ಪಾಸ್ ದುಡ್ಡೂ ಒಂದು ಖರ್ಚೇ.

ಸಣ್ಣ ದತ್ತಿ ಇಟ್ಟಿರೋರಿಗೆ ಒಂದು ಮಾತು, ಸಾವಿರ ಒಂದೂವರೆ ಸಾವಿರ ಬಡ್ಡಿ ಬರೋರು ಅದನ್ನ ಹಂಚೋ ಬದ್ಲು ಎಂಟನೇ ಕ್ಲಾಸಿನ ಮಕ್ಕಳಿಗೆ ಎನ್‌ಎಂಎಂಎಸ್ ಅನ್ನೋ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ ಪುಸ್ತಕ ತೆಗೆಸ್ಕೊಡಿ. ಮನೆ ಆದಾಯ ಮೂರೂವರೆ ಲಕ್ಷದೊಳಗಿರೋ ಸರ್ಕಾರಿ, ಅನುದಾನಿತ ಶಾಲೆ ಮಕ್ಕಳು ಬರೀಬಹುದು, ಪಾಸಾಗಿ ಆಯ್ಕೆ ಆದ್ರೆ ಒಂಬತ್ತನೇ ಕ್ಲಾಸಿಂದ ಸೆಕೆಂಡ್ ಪಿಯುಸಿ ತನ್ಕ ವರ್ಷಕ್ಕೆ 12,000, ಒಟ್ಟು 48,000 ಒಂದು ಮಗೂಗೆ.

ಮತ್ತೆ ನಿಮ್ಗೊಂದು ವಿನಂತಿ ಸಂಪಾದಕರೇ. ಜನವರೀಲಿ ಶಾಲು ಹೊದ್ದೋರ ಫೋಟೋ ಹಾಕೋ ಅಷ್ಟೇ ಜಾಗದಲ್ಲಿ, ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ವಾರ, ನಮ್ಮ ಜಿಲ್ಲೇಲಿ ಯಾವ್ಯಾವ ಶಾಲೇಲಿ ಯಾರ ಹೆಸ್ರಿನ ದತ್ತಿ ಇದೆ, ಯಾರನ್ನ ಕೇಳ್ಬೇಕು ಅಂತ ಒಂದು ಪಟ್ಟಿ ಹಾಕಿ. ನಮ್ಮ ಶಾಲೇದು ನಾನೇ ಬರೆದು ಕಳಿಸ್ತೀನಿ, ರಶೀದಿ ಜೆರಾಕ್ಸ್ ಸಮೇತ.

ಇಂತಿ,
ಒಬ್ಬ ಮೇಷ್ಟ್ರ ಮಗ
ಶಿಡ್ಲಘಟ್ಟ ತಾಲೂಕು, ಚಿಕ್ಕಬಳ್ಳಾಪುರ ಜಿಲ್ಲೆ